ಹನ್ನೆರಡು ಅಡಿಯ ಮೇಲೆ ಒಂದೂವರೆ ಅಂಗುಲ

ಹನ್ನೆರಡು ಅಡಿ, ಒಂದೂವರೆ ಅಂಗುಲ.

ಡೋರಾ ಹಿಂಡಲ್ ಮೂರನೆಯ ಸಲ ಅಳೆದಳು. ಮೂರನೆಯ ಸಲವೂ ಅಷ್ಟೇ ಬಂತು. ಉಕ್ಕಿನ ಅಳತೆಪಟ್ಟಿಯನ್ನು ಮರದ ಸಿಲಿಂಡರಿನ ಮೈಯಿಂದ ಎತ್ತಿದಳು. ಜುಲೈ ತಿಂಗಳ ಮಧ್ಯಾಹ್ನ, ಮಾಡು ಕಾದು ಕಾರ್ಖಾನೆಯ ಅಟ್ಟವೆಲ್ಲ ಧಗಧಗ ಅನ್ನುತ್ತಿತ್ತು.

ಮೊನ್ನೆ ಕಚೇರಿಯ ಬೀರುವಿನ ತಳದಲ್ಲಿ ಸಿಕ್ಕಿದ್ದ ಹಾಳೆಯನ್ನು ಅವಳು ಕೈಚೀಲದಿಂದ ಹೊರತೆಗೆದಳು. ದಪ್ಪ ರಟ್ಟಿಗೆ ಅಂಟಿಸಿದ ಹಾಳೆ. 1931ರ ಅಕ್ಟೋಬರಿನಲ್ಲಿ ಒತ್ತಡದ ಪರೀಕ್ಷೆಯಲ್ಲಿ ಸಿಡಿದು ಐದು ಜನರನ್ನು ಕೊಂದ ಸಿಲಿಂಡರಿನ ಚೂರುಗಳನ್ನು ಜೋಡಿಸಿ ಅಳೆದದ್ದು ಎಂದು ಮೇಲೆ ಬರೆದಿತ್ತು. ಉದ್ದ ಹನ್ನೆರಡು ಅಡಿ ಒಂದೂವರೆ ಅಂಗುಲ. ತುದಿಯ ಬಳೆಯ ಅಗಲ ಆರು ಅಡಿ ಮುಕ್ಕಾಲು ಅಂಗುಲ. ಹೊರಗಿನ ಅಡ್ಡಳತೆ ನಾಲ್ಕು ಅಡಿ ಅರ್ಧ ಅಂಗುಲ.

ಎಂಜಿನಿಯರರ ನಕ್ಷೆಯಲ್ಲಿ ಇದ್ದದ್ದು ಹನ್ನೆರಡು, ಆರು, ನಾಲ್ಕು. ಅಷ್ಟೇ.

ಎರಕ ಎಲ್ಲ ಕಡೆಯೂ ಉಬ್ಬಿದೆ, ಅಂದರೆ ಮರಳನ್ನು ಸರಿಯಾಗಿ ಕುಟ್ಟಿಲ್ಲ, ಮೇಸ್ತ್ರಿಯ ಬೇಜವಾಬ್ದಾರಿ ಎಂದು ತನಿಖೆ ತೀರ್ಪು ಕೊಟ್ಟಿತ್ತು. ಎರಕದ ಮನೆಯ ಮೇಸ್ತ್ರಿ ಸ್ಯಾಮ್ ಹಿಂಡಲ್. ಡೋರಾಳ ಅಪ್ಪ. ಮೂರು ತಿಂಗಳ ಮೇಲೆ ಅವನ ಹೆಣ ಕಾಲುವೆಯಲ್ಲಿ ಸಿಕ್ಕಿತು. ಮಾಡಿದ ಪಾಪ ತಿನ್ನುತ್ತಿತ್ತು, ಅದಕ್ಕೇ ಹಾರಿಕೊಂಡ ಎಂದು ಊರು ಮಾತಾಡಿಕೊಂಡು ಸುಮ್ಮನಾಯಿತು.

ಊರು ಸುಮ್ಮನಾಯಿತು, ಆದರೆ ಮರೆಯಲಿಲ್ಲ. ಸತ್ತ ಐವರಲ್ಲಿ ಒಬ್ಬನ ಹೆಂಡತಿ ಮಿಸೆಸ್ ಆಗ್ಡನ್ ಬ್ರೆಡ್ ಅಂಗಡಿ ಇಟ್ಟಿದ್ದಾಳೆ. ಇಪ್ಪತ್ತೆಂಟು ವರ್ಷದಿಂದ ಡೋರಾ ಸಾಲಿನಲ್ಲಿ ಎಷ್ಟನೆಯವಳಾಗಿ ನಿಂತರೂ ಬ್ರೆಡ್ ಸಿಗುವುದು ಕೊನೆಯಲ್ಲಿ. ಒಂದು ದಿನವೂ ಆಕೆ ಬೈದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡೋರಾ ಮತ್ತೆ ಆ ಮರದ ಸಿಲಿಂಡರನ್ನು ನೋಡಿದಳು. ಪ್ಯಾಟರ್ನ್ ಅಂತಾರೆ ಇದಕ್ಕೆ. ಮರಳಿನಲ್ಲಿ ಇದನ್ನು ಒತ್ತಿ ತೆಗೆದ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ತಣ್ಣಗಾಗುತ್ತ ಅಡಿಗೆ ಅಂಗುಲದ ಎಂಟನೆಯ ಒಂದು ಭಾಗ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಲೆಕ್ಕದ ತಲೆನೋವು ಬೇಡವೆಂದು ಪ್ಯಾಟರ್ನ್ ಮಾಡುವವರು ಬೇರೆಯೇ ಒಂದು ಅಳತೆಪಟ್ಟಿ ಇಟ್ಟುಕೊಂಡಿರುತ್ತಾರೆ. ಅದರ ಒಂದು ಅಡಿ, ಊರಿನವರ ಒಂದು ಅಡಿಗಿಂತ ಅಷ್ಟೇ ಉದ್ದ.

ಚಿಕ್ಕಂದಿನಲ್ಲಿ ಅಪ್ಪ ಬಾಗಿಲ ಚೌಕಟ್ಟಿನಲ್ಲಿ ಅವಳ ಎತ್ತರ ಗೀಚುತ್ತಿದ್ದದ್ದು ಅಂಥ ಪಟ್ಟಿಯಿಂದಲೇ. ಮನೆಯಲ್ಲಿ ಅಳೆದರೆ ಕುಳ್ಳಿ, ಶಾಲೆಯಲ್ಲಿ ಅಳೆದರೆ ಅರ್ಧ ಅಂಗುಲ ಉದ್ದ. ಅವಳು ಅತ್ತರೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹಾಗಾಗಿ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಳೆಯ ಮೂರು ಅಳತೆಯೂ ಅಡಿಗೆ ಎಂಟನೆಯ ಒಂದು ಅಂಗುಲದಂತೆ ಕರಾರುವಾಕ್ಕಾಗಿ ಹೆಚ್ಚಿದ್ದವು. ಮರಳು ಉಬ್ಬಿದರೆ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಇಲ್ಲ. ಹೀಗೆ ಹೇಳಿ ಮಾಡಿಸಿದಂತೆ ಉಬ್ಬುವ ಮರಳನ್ನು ಯಾವ ಎರಕದವನೂ ಕಂಡಿರಲಿಕ್ಕಿಲ್ಲ.

ಸಿಡಿದ ಕಬ್ಬಿಣವನ್ನು ಯಾರೂ ಅಳೆದೇ ಇರಲಿಲ್ಲ. ಇಲ್ಲಿ, ಈ ಅಟ್ಟದಲ್ಲಿ, ಈ ಮರವನ್ನು ಮಾಮೂಲಿ ಪಟ್ಟಿಯಿಂದ ಅಳೆದು ಬರೆದಿದ್ದರು.

"ಅಪ್ಪಾ," ಎಂದಳು ಡೋರಾ ತನಗೇ ಕೇಳದಷ್ಟು ಮೆಲ್ಲಗೆ.

ಆಗಲೇ ಕೆಳಗೆ ಮೆಟ್ಟಿಲ ಮೇಲೆ ಸದ್ದಾಯಿತು.

ಮರದ ಅಟ್ಟೆಗೆ ಕಬ್ಬಿಣದ ಲಾಳ ಹೊಡೆದ ಕ್ಲಾಗ್ ಬೂಟಿನ ಸದ್ದು. ಟಕ್, ಟಕ್, ಆಮೇಲೆ ಒಂದು ಕೆಮ್ಮು, ಮತ್ತೆ ಟಕ್. ಎರಕದ ಮನೆಯವರ ಕೆಮ್ಮು ಅದು, ಮರಳಿನ ದೂಳು ಎದೆಯಲ್ಲಿ ಕೂತವರದು. ಈ ಕಾಲದಲ್ಲಿ ಕ್ಲಾಗ್ ಹಾಕುವವರು ಯಾರಿದ್ದಾರೆ?

ಕಾರ್ಖಾನೆಯಲ್ಲಿ ಒಂದು ನರಪಿಳ್ಳೆ ಇರಬಾರದಾಗಿತ್ತು. ಊರ ರಜಾ ವಾರ. ಬಾಯ್ಲರ್ ಆರಿಸಿ ಊರಿಗೆ ಊರೇ ಸಮುದ್ರ ತೀರದ ಬ್ಲ್ಯಾಕ್‌ಪೂಲಿನ ರೈಲು ಹತ್ತಿತ್ತು. ಚಿಮಣಿಗಳಲ್ಲಿ ಹೊಗೆಯಿಲ್ಲದೆ ಆಕಾಶ ಅಪರಿಚಿತವಾಗಿ ಕಾಣುತ್ತಿತ್ತು. ನೂರು ವರ್ಷದಿಂದ ಸ್ಕಾರ್ತ್ ಅಂಡ್ ಪೆಲ್ ಕಂಪನಿ ಮಾಡಿದ ಗಾಲಿ, ಹಲ್ಲುಚಕ್ರ, ಪಂಪುಗಳ ಮರದ ರೂಪಗಳೆಲ್ಲ ತೊಲೆಗಳಿಂದ ನೇತಾಡುತ್ತಿದ್ದವು. ಮೈಗೆ ಕೆಂಪು, ಕಪ್ಪು ಬಣ್ಣ. ಗಾಳಿಯಿಲ್ಲದಿದ್ದರೂ ಅವುಗಳಲ್ಲಿ ಒಂದು ಮೆಲ್ಲಗೆ ತಿರುಗುತ್ತಿತ್ತು.

ಬರುವಾಗ ಅವಳು ಎರಕಗಳನ್ನು ಒತ್ತಡಕ್ಕಿಟ್ಟು ನೋಡುವ ಪರೀಕ್ಷಾ ಶಾಲೆಯ ಉಪಕರಣ ಕೋಣೆಯ ಮುಂದೆಯೇ ಬಂದಿದ್ದಳು. ಅಲ್ಲಿನ ಹಲಗೆಯಲ್ಲಿ ಐದು ಹಿತ್ತಾಳೆ ಬಿಲ್ಲೆ ಇನ್ನೂ ಮೊಳೆಗೆ ತೂಗುತ್ತಿವೆ. ಅಂದು ಬೆಳಿಗ್ಗೆ ಐವರು ತಮ್ಮ ನಂಬರಿನ ಬಿಲ್ಲೆ ಕೊಟ್ಟು ಸಾಮಾನು ತೆಗೆದುಕೊಂಡು ಹೋಗಿದ್ದರು, ಸಾಮಾನು ಹಿಂದಿರುಗಿಸಿ ಬಿಲ್ಲೆ ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ಆ ನಂಬರುಗಳನ್ನು ಮತ್ತೆ ಯಾರಿಗೂ ಕೊಟ್ಟಿಲ್ಲ. ಕೊಟ್ಟರೂ ತೆಗೆದುಕೊಳ್ಳುವ ಗಂಡಸು ಊರಲ್ಲಿಲ್ಲ.

ಟಕ್, ಟಕ್. ಕೊನೆಯ ಮೆಟ್ಟಿಲು.

"ಯಾರದು?" ಡೋರಾಳ ದನಿ ಒಡೆದಿತ್ತು.

"ದೆವ್ವ ಅಲ್ಲ ಕಣಮ್ಮಾ, ಹೆದರ್ಕೋಬೇಡ. ದೆವ್ವಕ್ಕೆ ಮಂಡಿ ನೋಯಲ್ಲ."

ಮುದುಕ ವಾಲ್ಟರ್ ಪ್ರೆಸ್ಟ್. ಎಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಎನಾಮಲ್ ಡಬ್ಬಿಯ ತುಂಬ ಚಹಾ. ರಜಾ ವಾರದಲ್ಲಿ ಕಾವಲಿಗೆ ಕಂಪನಿ ಅವನನ್ನೇ ಇಡುತ್ತದೆ. ಒಂದು ಕಾಲದಲ್ಲಿ ಪರೀಕ್ಷಾ ಶಾಲೆಯ ಮುಖ್ಯಸ್ಥ. ಹಾಳೆಯ ಕೆಳಗೆ ರುಜು ಇದ್ದದ್ದು ಅವನದೇ.

ಡೋರಾಳ ಹೆದರಿಕೆ ಒಂದೇ ಉಸಿರಿಗೆ ಸಿಟ್ಟಾಯಿತು.

"ಒಳ್ಳೇ ಹೊತ್ತಿಗೆ ಬಂದ್ರಿ ಪ್ರೆಸ್ಟ್ ಅವರೇ. ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಹೇಳೋ ದನಿ ಅಲ್ಲವಲ್ಲ ಇದು. ಬುಕ್ ಬರೆಯೋರು ಇಲ್ಲೇನ್ಮಾಡ್ತಿದ್ದೀರಿ? ಚಿಕ್ಕ ಯಜಮಾನ್ರು ನಿಂಗೆ ಕಚೇರಿ ಬೀಗದ ಕೈ ಕೊಟ್ಟಿರೋದು ಅಂದ್ಕೊಂಡಿದ್ದೆ. ಅಟ್ಟದ್ದಲ್ಲ."

ಚಿಕ್ಕ ಯಜಮಾನರೆಂದರೆ ಲಯನೆಲ್ ಸ್ಕಾರ್ತ್. ವಯಸ್ಸು ಐವತ್ತೆರಡು, ಕಂಪನಿಯ ಅಧ್ಯಕ್ಷ, ಆದರೂ ಅವರ ತಂದೆ ದೊಡ್ಡ ಯಜಮಾನರಾಗಿದ್ದ ಕಾಲದ ಹಳಬರಿಗೆ ಇನ್ನೂ ಚಿಕ್ಕ ಯಜಮಾನ. ಶತಮಾನೋತ್ಸವಕ್ಕೆ ಕಂಪನಿಯ ಇತಿಹಾಸ ಬರೆಯಲು ಡೋರಾಳನ್ನು ಆರಿಸಿದವರು ಅವರೇ. ಎಂಜಿನಿಯರರ ಪೆನ್ಸಿಲ್ ನಕ್ಷೆಗಳನ್ನು ಶಾಯಿಯಲ್ಲಿ ಬಟ್ಟೆಗೆ ಇಳಿಸುವ ಟ್ರೇಸಿಂಗ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದವರು, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದಿದ್ದರು. ಏಳನೆಯ ಅಧ್ಯಾಯಕ್ಕೆ ಒಂದು ವಾಕ್ಯವನ್ನೂ ತಾವೇ ಬರೆದು ಕೊಟ್ಟಿದ್ದರು: 'ಎರಕದ ಮೇಸ್ತ್ರಿ ಸ್ಯಾಮ್ಯುಯೆಲ್ ಹಿಂಡಲ್ ಅವರ ಬೇಜವಾಬ್ದಾರಿಯಿಂದ ಐವರು ಪ್ರಾಣ ಕಳೆದುಕೊಂಡರು.' ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕು. ಮಗಳೇ ಬರೆದಳೆಂದ ಮೇಲೆ ಇನ್ನು ಅದನ್ನು ಅಳಿಸುವವರು ಯಾರು?

ಸೋಮವಾರದೊಳಗೆ ಅಪ್ಪನ ಹೆಸರನ್ನು ಆ ವಾಕ್ಯದಿಂದ ಬಿಡಿಸಬೇಕು. ಅವಳ ತಲೆಯಲ್ಲಿ ಇದ್ದದ್ದು ಅದೊಂದೇ.

ಅವಳು ಹಾಳೆಯನ್ನು ಮುದುಕನ ಮೂಗಿನ ಮುಂದೆ ಹಿಡಿದಳು.

"ಈ ರುಜು ನಿಮ್ದು ತಾನೇ?"

ಪ್ರೆಸ್ಟ್ ಕನ್ನಡಕ ಹುಡುಕಲಿಲ್ಲ. ದೂರದಿಂದಲೇ ಗುರುತು ಹಿಡಿದಿದ್ದ. ಚಹಾದ ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟ.

"ನಂದೇ."

"ಹದಿನಾಲ್ಕನೇ ವಯಸ್ಸಿಗೆ ಪ್ಯಾಟರ್ನ್ ಕೆಲಸಕ್ಕೆ ಸೇರಿದವರು ನೀವು. ಪ್ಯಾಟರ್ನನ್ನ ಮಾಮೂಲಿ ಪಟ್ಟಿಯಿಂದ ಅಳೆಯೋ ತಪ್ಪನ್ನ ಗುಮಾಸ್ತ ಮಾಡ್ಬಹುದು, ನಮ್ಮ ಪಾದ್ರಿ ಮಾಡ್ಬಹುದು. ನೀವು ಮಾಡ್ತೀರಾ? ನಿದ್ದೆಗಣ್ಣಲ್ಲಾದ್ರೂ ಮಾಡ್ತೀರಾ?"

ಮುದುಕ ಮಂಡಿ ಹಿಡಿದುಕೊಂಡು ಮೆಟ್ಟಿಲ ತುದಿಯಲ್ಲಿ ಕುಳಿತ.

"ನನ್ನಪ್ಪನ ತಲೆ ಮೇಲೆ ಗೂಬೆ ಕೂರಿಸೋಕೆ ಸುಳ್ಳು ಅಳತೆ ಬರೆದ್ರಿ. ಆಮೇಲೆ ಅವನ ಹೆಣ ಹೊರೋಕೂ ಭುಜ ಕೊಟ್ರಿ. ನಾನು ನೋಡಿದೀನಿ, ಮುಂದೆ ಎಡಗಡೆ ನೀವಿದ್ರಿ. ಹೇಗೆ ಮನಸ್ಸು ಬಂತು ನಿಮಗೆ?"

"ಕಬ್ಬಿಣ ಇರಲಿಲ್ಲ ಅಳೆಯೋಕೆ," ಎಂದ ಪ್ರೆಸ್ಟ್. "ಸಿಡಿದದ್ದು ಬೆಳಿಗ್ಗೆ. ಸಂಜೆ ಹೊತ್ತಿಗೆ ಚೂರೆಲ್ಲ ಕುಲುಮೆಗೆ ಹಾಕಿ ಕರಗಿಸಿಬಿಟ್ಟಿದ್ರು. ಸರ್ಕಾರದ ಇನ್‌ಸ್ಪೆಕ್ಟರು ಬಂದದ್ದು ಮೂರನೇ ದಿನ."

"ಯಾಕೆ?"

"ಆ ಸಿಲಿಂಡರ್ ಎರಕದಿಂದ ಆಚೆ ಬಂದಾಗ್ಲೇ ಬಿರುಕು ಬಿಟ್ಟಿತ್ತು ಕಣಮ್ಮಾ. ನಿಮ್ಮಪ್ಪ ಸೀಮೆಸುಣ್ಣದಲ್ಲಿ ಅದರ ಮೇಲೆ ದೊಡ್ಡದಾಗಿ ಕತ್ತರಿ ಗುರುತು ಹಾಕಿದ. ಒಡೆದು ಮತ್ತೆ ಹೊಯ್ಯೋಣ ಅಂದ. ಹಡಗಿಗೆ ಹಾಕೋಕೆ ಹೊತ್ತಾಗತ್ತೆ, ಬಿರುಕಿಗೆ ಮೆತ್ತಿ ಬಣ್ಣ ಹೊಡೀರಿ ಅಂತ ದೊಡ್ಡ ಯಜಮಾನ್ರ ಕಚೇರಿಯಿಂದ ಚೀಟಿ ಬಂತು. ಮೆತ್ತಿದ್ವಿ."

ಡೋರಾ ಇಪ್ಪತ್ತೆಂಟು ವರ್ಷ ಕಾದ ಮಾತು ಇದು. ಅಪ್ಪ ತಪ್ಪು ಮಾಡಿರಲಿಲ್ಲ. ಅಪ್ಪ ಬೇಡ ಅಂದಿದ್ದ. ಅವಳಿಗೆ ಕೂಗಿ ಅಳಬೇಕೆನಿಸಿತು, ಓಡಿಹೋಗಿ ಮಿಸೆಸ್ ಆಗ್ಡನ್‌ಳ ಬಾಗಿಲು ಬಡಿಯಬೇಕೆನಿಸಿತು.

"ಇದನ್ನ ಬರೆದು ರುಜು ಹಾಕಿ ಕೊಡ್ತೀರಾ?"

"ತಡಿ. ನೀನು ಅರ್ಧ ಕೇಳಿದೀಯ." ಪ್ರೆಸ್ಟ್ ಅವಳ ಕಣ್ಣು ತಪ್ಪಿಸಿದ. "ಆವತ್ತು ಪಟ್ಟಿ ಹಿಡಿದದ್ದು ನಾನಲ್ಲ. ನಾನು ಬರೆದುಕೊಂಡೆ ಅಷ್ಟೇ. ಹಿಡಿದವನು ಸ್ಯಾಮ್."

"ಸುಳ್ಳು."

"ಹಾಳೆ ಹಿಂದುಗಡೆ ನೋಡಿದೀಯಾ?"

ಡೋರಾ ನೋಡಿರಲಿಲ್ಲ. ರಟ್ಟಿಗೆ ಅಂಟಿಸಿದ್ದನ್ನು ನೋಡುವುದು ಹೇಗೆ? ಅವಳು ಕೈಚೀಲದಿಂದ ಬ್ಲೇಡು ತೆಗೆದಳು. ತಪ್ಪಿದ ಶಾಯಿಗೆರೆ ಕೆರೆಯಲು ಟ್ರೇಸಿಂಗ್ ಕೋಣೆಯವರೆಲ್ಲ ಇಟ್ಟುಕೊಳ್ಳುವ ಬ್ಲೇಡು. ಮೂಲೆಯಿಂದ ಶುರುಮಾಡಿ ಕೂದಲೆಳೆಯಷ್ಟೂ ಹರಿಯದಂತೆ ಹಾಳೆ ಬಿಡಿಸಿದಳು. ಹಳೆಯ ಅಂಟು ಪುಡಿಪುಡಿಯಾಗಿ ಉದುರಿತು.

ಹಿಂದೆ ಎರಡು ಸಾಲು. ಪೆನ್ಸಿಲಿನ ಅಕ್ಷರ, ಒತ್ತಿ ಒತ್ತಿ ಬರೆದದ್ದು. 'ಮೇಲಿನ ಅಳತೆ ನೋಡಿದ್ದೇನೆ. ಒಪ್ಪಿದ್ದೇನೆ. ಎಸ್. ಹಿಂಡಲ್. 30 ಅಕ್ಟೋಬರ್ 1931.'

ಅಪ್ಪನ ಕೈ. ಬಾಗಿಲ ಚೌಕಟ್ಟಿನಲ್ಲಿ ತಾರೀಕು ಬರೆಯುತ್ತಿದ್ದ ಅದೇ ಕೈ. ಅಂಕೆ ಮೂರರ ಬಾಲ ಸುರುಳಿಯಾಗಿತ್ತು.

"ಬಲವಂತ ಮಾಡಿಸಿದ್ರಾ?" ಎಂದಳು. ಅವಳ ದನಿ ಅವಳಿಗೇ ಬೇರೆಯವರದೆನಿಸಿತು.

"ಸ್ಯಾಮ್‌ನ ಬಲವಂತ ಮಾಡೋ ಗಂಡು ಈ ಕಣಿವೇಲಿ ಹುಟ್ಟಿರಲಿಲ್ಲ. ಕೇಳಿದ್ರು, ಒಪ್ಪಿಕೊಂಡ. ಆದ್ರೆ ಸುಳ್ಳನ್ನ ಪೂರ್ತಿ ಸುಳ್ಳಾಗಿ ಬಿಡೋಕೆ ಅವನ ಕೈಲಾಗಲಿಲ್ಲ. ನಾನು ಬಾಯಿಗೆ ಬಂದ ಅಂಕೆ ಬರೆಯೋಕೆ ಹೊರಟ್ರೆ, ಬೇಡ ವಾಲ್ಟರ್, ಮಾಮೂಲಿ ಪಟ್ಟಿ ಕೊಡು, ಪ್ಯಾಟರ್ನನ್ನೇ ಅಳೆಯೋಣ ಅಂದ. ಕಚೇರಿಯೋರಿಗೆ ಜನ್ಮದಲ್ಲಿ ಗೊತ್ತಾಗಲ್ಲ, ನಮ್ಮೋರು ಯಾರಾದ್ರೂ ನೋಡಿದ್ರೆ ಒಂದೇ ನಿಮಿಷಕ್ಕೆ ಗೊತ್ತಾಗತ್ತೆ ಅಂದ. ನಾವು ಕಾದ್ವಿ. ಹಾಳೆನ ನಮ್ಮೋರಿಗೆ ಯಾರಿಗೂ ತೋರಿಸಲೇ ಇಲ್ಲ. ರಟ್ಟಿಗೆ ಅಂಟಿಸಿ ಬೀರುಗೆ ಹಾಕಿದ್ರು."

"ಒಪ್ಕೊಂಡದ್ದು ಯಾಕೆ? ಐದು ಜನರ ಹೆಂಡ್ತೀರು ಶಾಪ ಹಾಕ್ತಾರೆ ಅಂತ ಗೊತ್ತಿದ್ದೂ ಯಾಕೆ ಒಪ್ಕೊಂಡ?"

ಪ್ರೆಸ್ಟ್ ಚಹಾದ ಡಬ್ಬಿ ಎತ್ತಿಕೊಂಡು, ಕುಡಿಯದೆ, ಮತ್ತೆ ಕೆಳಗಿಟ್ಟ.

"ನೀನು ಟ್ರೇಸಿಂಗ್ ಕೋಣೆಗೆ ಸೇರಿದ್ದು ಯಾವತ್ತು?"

"ಈಗ ಅದ್ಯಾಕೆ?"

"ಯಾವತ್ತು, ಹೇಳು."

"ನವೆಂಬರ್. ಎರಡನೇ ತಾರೀಕು, ಸೋಮವಾರ."

ಹೇಳಿದ ಮೇಲೆಯೇ ಅವಳ ಕಿವಿಗೆ ಅದು ಬಿದ್ದದ್ದು. ಅಪ್ಪ ರುಜು ಹಾಕಿ ಮೂರೇ ದಿನಕ್ಕೆ.

"ನಿನಗಿಂತ ಮುಂಚೆ ಎರಕದ ಮನೆಯವನ ಮಗಳು ಯಾರಾದ್ರೂ ಆ ಮೆಟ್ಟಿಲು ಹತ್ತಿದ್ಲಾ? ನೀನಾದ್ಮೇಲಾದ್ರೂ?"

ಹತ್ತಿರಲಿಲ್ಲ. ಅಲ್ಲಿದ್ದವರೆಲ್ಲ ಬ್ಯಾಂಕ್ ಗುಮಾಸ್ತರ, ಅಂಗಡಿ ಮಾಲೀಕರ ಹೆಣ್ಣುಮಕ್ಕಳು. ಶಾಲೆಯಲ್ಲಿ ತಾನು ಬಿಡಿಸಿದ ಚಿತ್ರಗಳನ್ನು ಯಾರೋ ದೊಡ್ಡವರು ನೋಡಿ ಮೆಚ್ಚಿದರು ಎಂದು ಡೋರಾ ನಂಬಿದ್ದಳು. ಅವಳ ಬದುಕಿನಲ್ಲಿ ಹೆಮ್ಮೆ ಎಂದು ಏನಾದರೂ ಇದ್ದರೆ ಅದೊಂದೇ. ಬಿಳಿ ಕಾಲರು, ಶಾಯಿಯ ಬೆರಳು, ಬೆಚ್ಚನೆಯ ಕೋಣೆ, ಅಮ್ಮನ ಕೊನೆಗಾಲದ ಔಷಧಿ, ಎಲ್ಲವೂ ಅದರಿಂದ ಬಂದದ್ದು.

ಅವಳು ಮರದ ಸಿಲಿಂಡರಿಗೆ ಒರಗಿ ನೆಲದಲ್ಲೇ ಕುಳಿತುಬಿಟ್ಟಳು.

ಅಪ್ಪನ ಹೆಸರು ಬಿಡಿಸುವುದು ಅವಳ ಕೈಯಲ್ಲಿತ್ತು. ಬಿಡಿಸಿದರೆ ಹಾಳೆಯ ಹಿಂಬದಿಯನ್ನೂ ಅಚ್ಚು ಹಾಕಬೇಕು. ನಿಮ್ಮ ಗಂಡ ಯಾಕೆ ಸತ್ತ ಅಂತ ನನ್ನಪ್ಪನಿಗೆ ಗೊತ್ತಿತ್ತು, ನನಗೊಂದು ಕುರ್ಚಿ ಸಿಗಲಿ ಅಂತ ಬಾಯಿ ಮುಚ್ಚಿಕೊಂಡ, ಆ ಕುರ್ಚಿಯಲ್ಲಿ ನಾನು ಇಪ್ಪತ್ತೆಂಟು ವರ್ಷ ಕೂತೆ. ಮಿಸೆಸ್ ಆಗ್ಡನ್‌ಳ ಮುಖ ನೋಡಿಕೊಂಡು ಇದನ್ನು ಹೇಳಬೇಕು. ಅಯ್ಯೋ ಅಪ್ಪಾ, ಇದೆಂಥ ಕೆಲಸ ಮಾಡಿಹೋದೆ?

"ಕೊನೆಗೆ ತಡ್ಕೊಳ್ಳೋಕಾಗದೆ ಕಾಲುವೆಗೆ ಹಾರಿದ," ಎಂದಳು.

"ಹಾರಿದ ಅಂತ ನಾನು ಯಾವತ್ತೂ ಅಂದಿಲ್ಲ."

ಡೋರಾ ತಲೆ ಎತ್ತಿದಳು.

"ಜನವರೀಲಿ ಅವನ ಮನಸ್ಸು ತಿರುಗಿತು," ಎಂದ ಪ್ರೆಸ್ಟ್. "ಆಗ್ಡನ್ ಹೆಂಡತಿ ಹೆತ್ತಳಲ್ಲ, ಅಪ್ಪ ಇಲ್ಲದ ಮಗೂನ. ಅದನ್ನ ಬೀದೀಲಿ ನೋಡ್ಕೊಂಡು ಬಂದ. ನಾಳೇನೇ ಇನ್‌ಸ್ಪೆಕ್ಟರ್ ಹತ್ರ ಹೋಗಿ ಎಲ್ಲ ಹೇಳಿಬಿಡ್ತೀನಿ ವಾಲ್ಟರ್, ಆದ್ರೆ ಡೋರಾ ಕೆಲಸ ಹೋಗತ್ತೆ, ಅವಳನ್ನ ಒಂದು ಮಾತು ಕೇಳಬೇಕು ಅಂದ. ಊಟದ ಹೊತ್ತಿನ ಸಿಳ್ಳೆ ಆದ ತಕ್ಷಣ ನಿನ್ನ ಹತ್ರಾನೇ ಹೊರಟ. ಅದೇ ಕೊನೆ, ನಾನು ನೋಡಿದ್ದು. ಸಂಜೆ ಮನೆಗೆ ಬರಲಿಲ್ಲ ಅವನು." ಮುದುಕ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಬಂದಿದ್ನಾ ನಿನ್ನ ಹತ್ರ? ಇಷ್ಟು ವರ್ಷ ಕೇಳೋಕೆ ಧೈರ್ಯ ಬಂದಿಲ್ಲ ನಂಗೆ."

ಬಂದಿದ್ದ.

ಮೂರನೆಯ ಮಹಡಿಯ ಟ್ರೇಸಿಂಗ್ ಕೋಣೆಯ ಬಾಗಿಲಲ್ಲಿ, ಟೋಪಿ ಕೈಯಲ್ಲಿ ಹಿಡಿದು, ತಲೆಯಿಂದ ಕಾಲವರೆಗೆ ಕರಿ ಮರಳು ಮೆತ್ತಿಕೊಂಡು ನಿಂತಿದ್ದ. ಒಳಗೆ ಹುಡುಗಿಯರು ಕಿಸಕ್ಕೆಂದಿದ್ದರು. ಹದಿನೇಳು ವರ್ಷದ ಡೋರಾ ಮುಖ ಕೆಂಪು ಮಾಡಿಕೊಂಡು ಹೊರಗೆ ಬಂದು ಹಿಂದಿನಿಂದ ಬಾಗಿಲೆಳೆದುಕೊಂಡಿದ್ದಳು.

"ಅಪ್ಪಾ, ಇದೇನು ಈ ವೇಷದಲ್ಲಿ ಇಲ್ಲಿಗೆ ಬಂದ್ಬಿಟ್ಟೆ? ಏನಿದ್ರೂ ಮನೇಲಿ ಹೇಳು."

"ಒಂದೇ ಮಾತು ಮಗಳೇ."

"ಸಂಜೆ ಅಂದೆನಲ್ಲ. ಹೋಗಪ್ಪಾ, ಎಲ್ರೂ ನೋಡ್ತಿದಾರೆ."

ಅವನು ಇಳಿದು ಹೋಗಿದ್ದ. ಸಂಜೆ ಬರಲಿಲ್ಲ. ಡೋರಾ ಈ ಮಾತನ್ನು ಅಮ್ಮನಿಗೂ ಹೇಳಿರಲಿಲ್ಲ, ಪಾದ್ರಿಗೂ ಹೇಳಿರಲಿಲ್ಲ. ಈಗ ಪ್ರೆಸ್ಟ್‌ನಿಗೆ ಹೇಳಿದಳು, ತಾನು ಅಪ್ಪನಿಗೆ ಅಂದದ್ದನ್ನು ಒಂದಕ್ಷರ ಬಿಡದೆ. ಕಣ್ಣೀರು ಧಾರೆಯಾಗಿ ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮುದುಕ ಚಹಾದ ಡಬ್ಬಿಯನ್ನು ಅವಳತ್ತ ಸರಿಸಿದ.

"ಹಾಗಾದ್ರೆ ಕೊನೇಲಿ ನೋಡಿದವಳು ನೀನೇ ಆದೆ. ಹೆಣದ ವಿಚಾರಣೇಲಿ ಎರಕದ ಮನೆಯೋರನ್ನೆಲ್ಲ ಕೇಳಿದ್ರು, ಊಟದ ಹೊತ್ತಿನಿಂದ ಈಚೆಗೆ ಅವನನ್ನ ಕಂಡೆ ಅಂದವರು ಒಬ್ಬರೂ ಇಲ್ಲ. ಚಿಕ್ಕ ಯಜಮಾನ್ರಂತೂ ಅವತ್ತಿಡೀ ಮ್ಯಾಂಚೆಸ್ಟರಲ್ಲಿದ್ದೆ, ಕಾರ್ಖಾನೆಗೆ ಕಾಲೇ ಇಟ್ಟಿಲ್ಲ ಅಂತ ಬೈಬಲ್ ಮುಟ್ಟಿ ಹೇಳಿದ್ರು."

ಡೋರಾಳ ಅಳು ನಿಂತಿತು.

"ಯಾರು?"

"ಲಯನೆಲ್ ಸ್ಕಾರ್ತ್. ನೀನಿರಲಿಲ್ಲ ಬಿಡು ವಿಚಾರಣೇಲಿ, ನಿಮ್ಮಮ್ಮಂಗೆ ಹುಷಾರಿರಲಿಲ್ಲವಲ್ಲ."

ಎಲ್ಲೋ ಕೆಳಗೆ, ಖಾಲಿ ಕಾರ್ಖಾನೆಯಲ್ಲಿ, ತಣ್ಣಗಾಗುತ್ತಿದ್ದ ಕೊಳವೆಯೊಂದು ಟಣ್ಣೆಂದಿತು. ಇಬ್ಬರೂ ಅತ್ತ ನೋಡಲಿಲ್ಲ.

"ಅವರು ಮ್ಯಾಂಚೆಸ್ಟರಲ್ಲಿರಲಿಲ್ಲ," ಎಂದಳು ಡೋರಾ ನಿಧಾನವಾಗಿ. "ನಮ್ಮ ಮೆಟ್ಟಿಲ ಮೇಲೇ ನಿಂತಿದ್ರು. ಅಪ್ಪ ಹೋಗೋಕೆ ಮನಸ್ಸಿಲ್ಲದೆ ಮತ್ತೆ ತಿರುಗಿ ನನ್ನ ನೋಡಿದ. ಆಗ ಅವರು ಬಂದು, ನೀವು ಕೆಲಸ ನೋಡ್ಕೊಳ್ಳಿ ಮಿಸ್ ಹಿಂಡಲ್, ನಿಮ್ಮ ತಂದೇನ ನಾನು ಕೆಳಗಿನವರೆಗೂ ಬಿಟ್ಟುಬರ್ತೀನಿ ಅಂದ್ರು. ಅಪ್ಪನ ಹೆಗಲ ಮೇಲೆ ಕೈ ಹಾಕ್ಕೊಂಡು ಕರ್ಕೊಂಡು ಹೋದ್ರು. ಎಷ್ಟು ಒಳ್ಳೆಯವರು ಅಂದ್ಕೊಂಡೆ. ಇವತ್ತಿನವರೆಗೂ ಹಾಗೇ ಅಂದ್ಕೊಂಡಿದೀನಿ."

ಪ್ರೆಸ್ಟ್‌ನ ಮುಖದಲ್ಲಿ ರಕ್ತವಿರಲಿಲ್ಲ.

"ನೀನೇನಂದೆ ಅವರಿಗೆ?"

"ಥ್ಯಾಂಕ್ಯೂ ಸರ್ ಅಂದೆ," ಎಂದಳು ಡೋರಾ.